ವೈನ್ ಬಾಟಲಿಗೊಬ್ಬ ಅರ್ಲ್

ಕಂಡವರ ವಂಶವೃಕ್ಷ ಹುಡುಕಿಕೊಡುವ ಕಂಪನಿಯಲ್ಲಿ ಕೆಲಸ ಮಾಡಿದವನಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ನಾನು ಸೇರಿದ್ದು ಸಾಫ್ಟ್‌ವೇರ್ ಬರೆಯಲು. ಜನ ಸಾಲದೆ ನನ್ನನ್ನೇ ಆಸ್ಟ್ರೇಲಿಯಾದ ಊರೂರಿಗೆ ಅಟ್ಟುತ್ತಿದ್ದರು.

೧. ಪರ್ತ್

ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿತೋಟ ಇಟ್ಟಿದ್ದ ಯಜಮಾನರೊಬ್ಬರು, ತಾವು ಸ್ಕಾಟ್ಲೆಂಡಿನ ಅರ್ಲ್ ಒಬ್ಬನ ವಂಶದವರೆಂದು ನಂಬಿದ್ದರು. ಅರ್ಲ್ ಅಂದರೆ ನಮ್ಮ ಪಾಳೇಗಾರರ ಥರ. ರುಜುವಾತಾದರೆ ತಮ್ಮ ವೈನ್ ಬಾಟಲಿಯ ಮೇಲೆ ಅವನ ಚಿತ್ರ ಹಾಕಿಸುವ ಆಸೆ. ಪಾಪ, ಜೀವವೆಲ್ಲ ಅದರಲ್ಲೇ ಇತ್ತು.

ಸಂಬಂಧದ ಮಾತು ಬಂದರೆ ನಮ್ಮ ಮನೆಯಲ್ಲಿ ಮೊದಲು ವಿಚಾರಿಸುವುದು ಸೋದರಮಾವನನ್ನು. ಅಭ್ಯಾಸಬಲ, ನಿಮ್ಮ ಸೋದರಮಾವ ಎಲ್ಲಿದ್ದಾರೆ ಅಂತ ನಾನೂ ಕೇಳಿದೆ.

"ಅವನ್ಯಾಕೆ?" ಅಂದರು.

"ನಮ್ಮಲ್ಲಿ ಹುಡುಗೀನ ಮಂಟಪಕ್ಕೆ ಕರ್ಕೊಂಡು ಬರೋದೇ ಅವರು, ಸರ್. ಅವರಿಲ್ದೆ ಮದುವೇನೇ ನಡೆಯಲ್ಲ."

ಯಜಮಾನರು ಬೆರಳು ಮಡಚಿ ಎಣಿಸಿದರು. "ನನ್ನ ಮೂರು ಮದುವೆಗೂ ಅವನು ಬರ್ಲಿಲ್ಲ. ಒಂದೂ ನಿಲ್ಲದೇ ಇದ್ದಿದ್ದು ಅದಕ್ಕೇ ಅನ್ನು!"

೨. ಬ್ರಿಸ್ಬೇನ್

ಯಜಮಾನರ ಅಕ್ಕ ಸನ್ನಿಬ್ಯಾಂಕ್ ಬಡಾವಣೆಯಲ್ಲಿದ್ದರು. ಅಪ್ಪ ಜೇಮ್ಸ್, ಅಪ್ಪನ ತಾತ ಜೇಮ್ಸ್, ಆ ತಾತನ ತಾತನೂ ಜೇಮ್ಸ್. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲೂ ಉಂಟಲ್ಲ, ನನಗೆ ಖುಷಿಯಾಯಿತು.

"ಈಗ ಯಾರಾದ್ರೂ ಜೇಮ್ಸ್ ಇದ್ದಾರಾ, ಆಂಟಿ?"

"ಇದ್ದಾನಲ್ಲ. ನಮ್ಮಪ್ಪನ ಥರಾನೇ ಸಿಟ್ಟು. ನಾನು ಬಡಿಸದೆ ತಿನ್ನಲ್ಲ."

ಮೊಮ್ಮಗ ಅಂತ ಬರೆದುಕೊಂಡೆ. ಅಷ್ಟರಲ್ಲಿ ಹಿತ್ತಲಿಂದ ಜೇಮ್ಸ್ ಬೊಗಳಿದ.

"ಅಪ್ಪನ ಹೆಸರು ನಾಯಿಗಾ ಆಂಟಿ?"

"ಬೈಯೋಕೆ ಅನುಕೂಲ ಕಣಪ್ಪ. ಅವರು ಬದುಕಿದ್ದಾಗ ಆಗಿರ್ಲಿಲ್ಲ."

೩. ಅಡಿಲೇಡ್

ಎಷ್ಟು ಜಾಲಾಡಿದರೂ ಅರ್ಲ್ ಪತ್ತೆಯಿಲ್ಲ. ಹೇಗಪ್ಪಾ ಹೇಳುವುದು ಅಂತ ಒದ್ದಾಡುತ್ತಿದ್ದಾಗ ಯಜಮಾನರದೇ ವಾಟ್ಸಾಪ್ ಬಂತು. ಅವರಮ್ಮನ ಹಳೇ ಪೆಟ್ಟಿಗೆಯಲ್ಲಿ ಅರ್ಲ್ ಫೋಟೋ ಸಿಕ್ಕಿತ್ತು! ಸ್ಕಾಟ್ಲೆಂಡಿನ ಗಂಡಸರು ಉಡುವ ಚೌಕಳಿ ಲಂಗ, ಟೋಪಿಗೆ ಗರಿ, ಸೊಂಟಕ್ಕೆ ಕತ್ತಿ. ಹಿಂದುಗಡೆ 'ಅರ್ಲ್' ಅಂತ ಬರೆದೂ ಇತ್ತು.

ಅಡಿಲೇಡಿನಲ್ಲಿ ಬಂಧುಬಳಗವನ್ನೆಲ್ಲ ಸೇರಿಸಿ, ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು. ನಮ್ಮನ್ನೂ ಕರೆದಿದ್ದರು. ಹಿರಿಯರ ಫೋಟೋ ಬೋಳಾಗಿರಬಾರದು ಅಂತ ನನ್ನ ಹೆಂಡತಿ ಗುಲಾಬಿ ಹಾರ ಕಟ್ಟಿಕೊಂಡು ಬಂದಿದ್ದಳು. ಹಾರ ಹಾಕಿ, ಊದುಬತ್ತಿ ಹಚ್ಚಿ ಕೈಮುಗಿದಳು. ಅವಳನ್ನು ನೋಡಿ ಎಲ್ಲರೂ ಕೈಮುಗಿದರು. ಯಜಮಾನರ ಕಣ್ಣಲ್ಲಿ ನೀರು.

ಆಗ ವೀಲ್‌ಚೇರಿನಲ್ಲಿ ಅವರ ಚಿಕ್ಕಪ್ಪನನ್ನು ತಳ್ಳಿಕೊಂಡು ಬಂದರು. ತೊಂಬತ್ತು ದಾಟಿದ ಜೀವ. "ಇದೇನು ಹೂವು?" ಅಂತ ಕೇಳಿದರು.

"ನಮ್ಮಲ್ಲಿ ತೀರಿಹೋದವರ ಫೋಟೋಗೆ ಹಾಕ್ತೀವಿ, ಅಂಕಲ್," ಅಂದಳು ಹೆಂಡತಿ.

"ಸ್ವಲ್ಪ ತಾಳಮ್ಮ. ಅದು ನಾನು."

ಯಜಮಾನರ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಅರ್ಲ್?"

"ನಾನೇ ಕಣೋ, ಚರ್ಚ್ ನಾಟಕದಲ್ಲಿ. ಪರದೆ ಬಿದ್ದ ಮೇಲೆ ಲಂಗ ಬಾಡಿಗೆ ಅಂಗಡಿಗೆ ವಾಪಸ್ ಕೊಟ್ಟೆ."