ಐವತ್ತೆರಡು ಮೆಟ್ಟಿಲುಗಳ ಮೂಳೆ

ಎಲ್ಲ ಅನಾಹುತಕ್ಕೂ ಮೂಲ, ನೀರು ಸರಬರಾಜು ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಅಂಗೈಯಗಲದ ಒಂದು ಚೀಟಿ. ‘ಇಂದು ಮಧ್ಯಾಹ್ನ ಎರಡಕ್ಕೆ ಸಿಬ್ಬಂದಿಗೆ ಉಚಿತ ಮೂಳೆ ತಪಾಸಣೆ.’ ಮೂರನೆಯ ಮಹಡಿಯ ರೆಕಾರ್ಡ್ ರೂಮಿನ ಗುಮಾಸ್ತ, ಕಚೇರಿಯವರೆಲ್ಲ ‘ಕಡತಪ್ಪ’ ಎಂದೇ ಕರೆಯುವ ಬಡಪಾಯಿ, ಅದನ್ನು ಎರಡೆರಡು ಸಲ ಓದಿದ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಕಾರಣವಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಪೈಪುಗಳ ನಕ್ಷೆಯ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು, ದಿನಕ್ಕೆ ಆರೇಳು ಸಲ ಐವತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಲಿಫ್ಟ್ ಇರಲಿಲ್ಲ. ಈಗ ಕೆಳಮಹಡಿಯ ಟಪಾಲು ಗುಮಾಸ್ತರು ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ಕಿಟಕಿ ಇಲ್ಲದಿದ್ದರೇನು, ತಲೆಯ ಮೇಲೆ ಫ್ಯಾನು, ಪಕ್ಕದಲ್ಲೇ ಕಾಫಿ ಕೋಣೆ. ಅದು ಯಾರಿಗೆಂದು ಸಾಹೇಬರು ಇಂದು ಸಂಜೆ ತೀರ್ಮಾನಿಸುವವರಿದ್ದರು. ‘ನನ್ನ ಮೂಳೆಗಳು ತೀರಾ ಸವೆದಿರುವುದರಿಂದ ನನ್ನನ್ನು ಶಾಶ್ವತವಾಗಿ ಕೆಳಮಹಡಿಗೆ ಹಾಕಬೇಕು’ ಎಂಬ ಕಡತಪ್ಪನ ಅರ್ಜಿ ಟೈಪಿಸ್ಟಕ್ಕನ ಮೇಜಿನ ಮೇಲೆ ಸಿದ್ಧವಾಗಿತ್ತು. ಡಾಕ್ಟರ ಚೀಟಿಯೊಂದು ಸೇರಿದರೆ ಕೆಲಸ ಆದಂತೆಯೇ.

“ಮೂಳೆ ಸವೆದಿದೆ ಅಂತ ನಿಮಗೆ ಹೇಗೆ ಗೊತ್ತು?” ಎಂದಳು ಟೈಪಿಸ್ಟಕ್ಕ.

“ಎದ್ರೆ ಕೂತ್ರೆ ಕಟಕಟ ಅನ್ನುತ್ತಲ್ಲಮ್ಮ.”

“ನಮ್ಮನೆ ಬಾಗಿಲೂ ಅನ್ನುತ್ತೆ. ಮೂವತ್ತು ವರ್ಷದಿಂದ ಗಟ್ಟಿಯಾಗೇ ಇದೆ.”

ಕಡತಪ್ಪ ಬಗ್ಗಿ ತನ್ನ ಮೊಣಕಾಲಿಗೆ ಕಿವಿಗೊಟ್ಟ. ಅವನ ಮುಖ ನೋಡಿ ಉಗ್ರಾಣದ ಗುಮಾಸ್ತ ಪಕ್ಕಕ್ಕೆ ಎಳೆದುಕೊಂಡ. “ಹೆದರ್ಬೇಡಿ. ಕಾಫಿ, ಉಪ್ಪು ಜಾಸ್ತಿಯಾದ್ರೆ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಟುಹೋಗುತ್ತಂತೆ. ಇನ್ನೂ ನಾಲ್ಕು ಗಂಟೆ ಟೈಮಿದೆ.” ಕಾವಲುಗಾರ ತನ್ನ ಪಾಲಿನ ನೆರವೆಂದು ತನ್ನ ದೊಣ್ಣೆ ಕೊಟ್ಟು, ಕುಂಟುವುದು ಹೇಗೆಂದೂ ತೋರಿಸಿಕೊಟ್ಟ.

ಮೂಳೆಯೆಂದರೆ ಬೆಳಗ್ಗೆ ನೆನೆಹಾಕಿದರೆ ಮಧ್ಯಾಹ್ನಕ್ಕೆ ಕರಗುವ ಸೋಪಲ್ಲ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಕಡತಪ್ಪ ಉಪ್ಪು ಕಡಲೆಕಾಯಿಯ ಎರಡು ಪೊಟ್ಟಣ ಮುಗಿಸಿ, ಏಳು ಲೋಟ ಕಾಫಿ ಕುಡಿದ. ಕುಡಿದದ್ದು ತನ್ನ ಕೆಲಸ ತಾನು ಮಾಡಿತು. ಆ ಕಟ್ಟಡದಲ್ಲಿ ಶೌಚಾಲಯವಿದ್ದದ್ದು ಕೆಳಗೆ ಮಾತ್ರ. ಮೊದಲೆರಡು ಸಲ ದೊಣ್ಣೆಯೂರಿ ಕುಂಟುತ್ತಲೇ ಇಳಿದ. ಐದನೆಯ ಸಲಕ್ಕೆ ದೊಣ್ಣೆ ಕಂಕುಳಿಗೆ ಹೋಯಿತು, ಕಾಲು ಎರಡೆರಡು ಮೆಟ್ಟಿಲು ಹಾರತೊಡಗಿತು. ಮೊದಲ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದವರು ಸಾಕ್ಷಾತ್ ಸಾಹೇಬರು.

“ಏನ್ರೀ, ಕುಂಟ್ತಾ ಇದ್ದೀರಂತೆ?”

“ಹೌದು ಸಾರ್. ಬಂದು ಕುಂಟ್ತೀನಿ ಸಾರ್,” ಎಂದವನೇ ಕಡತಪ್ಪ ಮಾಯವಾದ.

ಎರಡು ಗಂಟೆಗೆ ಸಾಹೇಬರ ಸರದಿ ಮೊದಲು. ಅವರು ತಪಾಸಣೆಗೆ ಕಟ್ಟಿದ್ದ ಪರದೆಯ ಹಿಂದಿನಿಂದ ಒಂದು ಚೀಟಿ ಹಿಡಿದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಆಮೇಲೆ ಕಡತಪ್ಪ ಒಳಗೆ ಹೋಗಿ ಹಿಮ್ಮಡಿಯನ್ನು ಮೂಳೆ ಅಳೆಯುವ ಯಂತ್ರದ ಬಾಯಿಗೆ ಇಟ್ಟ. ಡಾಕ್ಟರಮ್ಮ ಅಂಕಿ ನೋಡಿದರು. ಯಂತ್ರ ಒರೆಸಿ ಮತ್ತೆ ನೋಡಿದರು. ಇನ್ನೊಂದು ಕಾಲು ಇಡಿಸಿದರು.

“ವಯಸ್ಸೆಷ್ಟು ನಿಮಗೆ?”

“ಐವತ್ನಾಲ್ಕು. ಪೂರ್ತಿ ಹಾಳಾಗಿದೆಯಾ ಡಾಕ್ಟ್ರೇ?” ಅವನ ದನಿಯಲ್ಲಿ ಆಸೆ ತುಳುಕುತ್ತಿತ್ತು.

“ಇದು ಮೂವತ್ತರ ಮೂಳೆ ಕಣ್ರೀ. ಏನು ತಿಂತೀರಿ ನೀವು?”

ಕಡತಪ್ಪ ಕುಸಿದುಹೋದ. “ಹೆಂಡ್ತಿ ಕಟ್ಟಿಕೊಟ್ಟಿದ್ದು. ಸೊಪ್ಪು, ಅದರ ಮೇಲೆ ಹುರಿದ ಎಳ್ಳು, ಕಾಳು, ಮೊಸರು. ಇಪ್ಪತ್ತು ವರ್ಷದಿಂದ ಅದೇ. ಬೈಕೊಂಡೇ ತಿಂತೀನಿ.”

“ಎಲ್ಲಿ ಕೂತು?”

“ರೆಕಾರ್ಡ್ ರೂಮಲ್ಲಿ ತಿನ್ನೋ ಹಾಗಿಲ್ಲ. ಹೊರಗೆ ತಾರಸಿ ಮೇಲೆ, ಬಿಸಿಲಲ್ಲಿ.”

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಮೂಳೆ ಅಂದ್ರೆ ಕಲ್ಲಲ್ಲ. ದಿನಾ ಹಳೇದನ್ನ ಒಂದಿಷ್ಟು ಕೆಡವಿ ಹೊಸದು ಕಟ್ತಾನೇ ಇರುತ್ತೆ. ಹತ್ತು ವರ್ಷದಲ್ಲಿ ಹೆಚ್ಚೂಕಮ್ಮಿ ಇಡೀ ಅಸ್ಥಿಪಂಜರ ಹೊಸದು. ನೀವು ಕೆಲಸಕ್ಕೆ ಸೇರುವಾಗ ತಂದ ಮೂಳೆ ಈಗ ನಿಮ್ಮ ಹತ್ರ ಇಲ್ಲ.”

“ಎಲ್ಲಿ ಹೋಯ್ತು?” ಎಂದ ಕಡತಪ್ಪ ಗಾಬರಿಯಿಂದ.

“ಕರಗಿತು, ಮತ್ತೆ ಕಟ್ಟಿತು. ಸೊಪ್ಪು, ಎಳ್ಳು, ಮೊಸರಿಂದ ಕ್ಯಾಲ್ಸಿಯಂ ಬರುತ್ತೆ. ಆದ್ರೆ ಕರುಳಿನಿಂದ ಅದನ್ನ ಒಳಗೆ ಎಳ್ಕೊಳ್ಳೋಕೆ ವಿಟಮಿನ್ ಡಿ ಬೇಕು. ಅದನ್ನ ನಿಮ್ಮ ಚರ್ಮ ಬಿಸಿಲಿಂದ ಮಾಡ್ಕೊಳ್ಳುತ್ತೆ. ಆ ಡಿ ಕೆಲಸಕ್ಕೆ ಇಳೀಬೇಕಾದ್ರೆ ಎಳ್ಳು ಕಾಳಿನ ಮೆಗ್ನೀಸಿಯಂ ಬೇಕು. ಬಂದ ಕ್ಯಾಲ್ಸಿಯಂ ಮೂಳೆಗೆ ಕಚ್ಚಿಕೊಳ್ಳೋಕೆ ಸೊಪ್ಪಿನ ವಿಟಮಿನ್ ಕೆ ಬೇಕು. ಜೊತೆಗೆ ರಂಜಕ, ಅಂದ್ರೆ ಫಾಸ್ಫರಸ್, ಸೇರಿದ್ರೇ ಗಟ್ಟಿ. ಇಷ್ಟೆಲ್ಲ ಇದ್ರೂ, ಎಲ್ಲಿ ಕಟ್ಟಬೇಕು ಅಂತ ಮೂಳೆಗೆ ಹೇಳೋದು ನೀವು ಹೊರೋ ಭಾರ, ಹತ್ತೋ ಮೆಟ್ಟಿಲು.”

ಕಡತಪ್ಪ ತನ್ನ ಹಿಮ್ಮಡಿಯನ್ನು ಮೊದಲ ಸಲ ಕಂಡವನಂತೆ ನೋಡಿದ. ಇಪ್ಪತ್ತೆರಡು ವರ್ಷ ಅವನು ಮೇಲೆ ಕಡತ ಜೋಡಿಸುತ್ತಿದ್ದಾಗ, ಒಳಗೆ ಯಾರೋ ಅದಕ್ಕಿಂತ ಅಚ್ಚುಕಟ್ಟಾಗಿ, ಒಂದು ರುಜುವನ್ನೂ ಮೊಹರನ್ನೂ ಕೇಳದೆ, ಒಂದು ದಿನ ರಜೆಯನ್ನೂ ಹಾಕದೆ, ಕಣ ಕಣ ಜೋಡಿಸುತ್ತಿದ್ದರು. ಎಳ್ಳಿನ ಕಾಳು ಮೊಣಕಾಲಾಗಿತ್ತು. ಮಧ್ಯಾಹ್ನದ ಬಿಸಿಲು ಬೆನ್ನಾಗಿತ್ತು. ಆ ಡಬ್ಬಿಯನ್ನು ತಾನು ಎಷ್ಟು ಬೈದಿದ್ದೆನೆಂದು ನೆನೆದು ಅವನಿಗೆ ನಾಚಿಕೆಯಾಯಿತು, ಕಣ್ಣು ತುಂಬಿ ಬಂತು. ಹೊರಗೆ ಬಂದಾಗ ಇಡೀ ಕಚೇರಿ ಸಾಲುಗಟ್ಟಿ ಅವನ ಮಣಿಕಟ್ಟು ಮುಟ್ಟಿ ನೋಡಿತು. ಉಗ್ರಾಣದ ಗುಮಾಸ್ತನಂತೂ ಎರಡು ಸಲ ಮುಟ್ಟಿದ.

ಆ ಮೂರನೆಯ ಮಹಡಿಯನ್ನು ಬಿಟ್ಟು ತಾನು ಎಲ್ಲಿಗೂ ಹೋಗುವವನಲ್ಲ ಎಂದು ಕಡತಪ್ಪ ಅಲ್ಲೇ ತೀರ್ಮಾನಿಸಿದ. ಅರ್ಜಿಯನ್ನು ಹರಿದು ಹಾಕಲು ಟೈಪಿಸ್ಟಕ್ಕನ ಮೇಜಿಗೆ ಓಡಿದ. ಮೇಜು ಖಾಲಿಯಾಗಿತ್ತು.

“ನಾನೇ ಸಾಹೇಬ್ರ ಕೈಗೆ ಕೊಟ್ಟುಬಂದೆ,” ಎಂದಳು ಟೈಪಿಸ್ಟಕ್ಕ ಹೆಮ್ಮೆಯಿಂದ. “ನೀವು ಬರೆದಿದ್ದು ಸಪ್ಪೆಯಾಗಿತ್ತು. ‘ಒಂದೊಂದು ಮೆಟ್ಟಿಲೂ ಯಮಯಾತನೆ’ ಅಂತ ಸೇರಿಸಿದ್ದೀನಿ.”

ಕಡತಪ್ಪ ತಲೆಯ ಮೇಲೆ ಕೈ ಹೊತ್ತ. ಆದರೆ ತಾನು ಹಾರುತ್ತ ಇಳಿದದ್ದನ್ನು ಸಾಹೇಬರೇ ಕಂಡಿದ್ದಾರಲ್ಲ, ಖಂಡಿತ ತಿರಸ್ಕರಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಕೆಳಮಹಡಿಯ ಅವರ ಕೋಣೆಗೆ ಹೋದ. ಸಾಹೇಬರು ಡ್ರಾಯರು ಖಾಲಿ ಮಾಡುತ್ತಿದ್ದರು.

“ಬನ್ನಿ ಬನ್ನಿ. ನಿಮ್ಮ ಅರ್ಜಿ ಮಂಜೂರು ಮಾಡಿದ್ದೀನಿ.”

“ಸಾರ್, ನನ್ನ ಮೂಳೆ ಗಟ್ಟಿಯಾಗಿದೆ. ಡಾಕ್ಟರಮ್ಮನೇ ಹೇಳಿದ್ರು.”

“ಗೊತ್ತು ಕಣ್ರೀ. ನನ್ನದೇ ಗಟ್ಟಿ ಇಲ್ಲ.” ಸಾಹೇಬರು ತಮ್ಮ ಚೀಟಿಯನ್ನು ಮುಂದೆ ಹಿಡಿದರು. “ನಿಧಾನವಾಗಿ ಮೆಟ್ಟಿಲು ಹತ್ತಬೇಕಂತೆ, ಬಿಸಿಲಲ್ಲಿ ಕೂರ್ಬೇಕಂತೆ. ನಾಳೆಯಿಂದ ನನ್ನ ಕೋಣೆ ಮೇಲೆ. ನೀವೂ ನಿಮ್ಮ ಕಡತಗಳೂ ಕೆಳಗೆ. ನೀವೇ ‘ಶಾಶ್ವತವಾಗಿ’ ಅಂತ ಬರೆದಿದ್ದು ಒಳ್ಳೇದಾಯ್ತು.”

“ಊಟಕ್ಕಾದ್ರೂ ತಾರಸಿಗೆ ಬರ್ಲಾ ಸಾರ್?”

“ಮಧ್ಯಾಹ್ನದಿಂದ ಇಪ್ಪತ್ತು ಜನ ಕೇಳಿದ್ರು. ಅಷ್ಟು ಜನಕ್ಕೆ ಬಿಸಿಲು ಎಲ್ಲಿ ಸಾಲುತ್ತೆ? ತಾರಸಿ ಬೀಗದ ಕೈ ನಿಮ್ಮ ಹತ್ರ ಇದೆಯಲ್ಲ, ಕೊಟ್ಟುಬಿಡಿ. ಹಾಗೇ, ನಿಮ್ಮನೆಯವರು ಎಳ್ಳು ಹೇಗೆ ಹುರೀತಾರೆ ಅಂತ ಕೇಳ್ಕೊಂಡು ಬನ್ನಿ.”

ಐದು ಗಂಟೆಗೆ ಕಡತಪ್ಪ ತನ್ನ ಸಾಮಾನು ತರಲು ಮೇಲೆ ಹೋದ. ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದ. ಊಟದ ಡಬ್ಬಿ ಹಿಡಿದು ಕೆಳಗೆ ಬಂದಾಗ ಟೈಪಿಸ್ಟಕ್ಕ ಎದುರಾದಳು.

“ಅಂತೂ ಮೆಟ್ಟಿಲ ಕಾಟ ತಪ್ಪಿತು ನೋಡಿ ನಿಮಗೆ.”

“ತಪ್ಪಿತಮ್ಮ,” ಎಂದ ಕಡತಪ್ಪ. ಡಬ್ಬಿಯನ್ನು ಹೊಸ ಮೇಜಿನ ಮೇಲಿಟ್ಟು, ಛತ್ರಿ ತರಲು ಮತ್ತೆ ಮೇಲೆ ಹೋದ. ಛತ್ರಿಯನ್ನು ತಂದಿಟ್ಟು, ದೊಣ್ಣೆ ತರಲು ಇನ್ನೊಮ್ಮೆ ಹೋದ.