ಕಪ್ಪು ಕೋಟು, ಕೆಂಪು ಮಫ್ಲರ್

ಎಲ್ಲ ತೊಂದರೆಗೂ ಮೂಲ ಅವನ ನಾಲಿಗೆ. ಯಾರು ಏನು ಕೇಳಿದರೂ ಅದಕ್ಕೆ ಬರುತ್ತಿದ್ದುದು ಒಂದೇ ಮಾತು: "ಆಗಲಿ ಬಿಡಿ." ಹಾಗಾಗಿ ಚಿಟ್ಟೆ ಉದ್ಯಾನದಲ್ಲಿ ಅವನಿಗೆ ಆಗಲಿಬಿಡಿ ಎಂದೇ ಹೆಸರು ಬಿದ್ದಿತ್ತು.

ಚಿಟ್ಟೆಯ ಕೋಶಗಳನ್ನು ದಾರದಿಂದ ಕಡ್ಡಿಗೆ ತೂಗುಹಾಕಿ, ರೆಕ್ಕೆ ಬಿಚ್ಚಿದವನ್ನು ಗಾಜಿನ ಮನೆಗೆ ಬಿಡುವುದಷ್ಟೇ ಅವನ ಕೆಲಸ. ಆದರೆ ಮಾಲಿ ಅಕ್ಕನ ನೀರಿನ ಪೈಪು, ಟಿಕೆಟ್ಟಿನವನ ಕೌಂಟರು, ಶಾಲೆಮಕ್ಕಳು ಬಂದಾಗಲೆಲ್ಲ ಗಂಟಲು ಕಟ್ಟುವ ಗೈಡ್‌ನ ಭಾಷಣ, ಎಲ್ಲವೂ ಕೊನೆಗೆ ಇವನ ತಲೆಗೇ. ಹೋದ ವರ್ಷ ಮಗಳ ಶಾಲೆಯ ನಾಟಕಕ್ಕೆ ಇವನು ತಲುಪಿದಾಗ ಪರದೆ ಮಡಿಸುತ್ತಿದ್ದರು. ಅದರ ಹಿಂದಿನ ವರ್ಷ ಮಡಿಸಿಯೇ ಆಗಿತ್ತು.

ಇವತ್ತು ಸಂಜೆ ಐದಕ್ಕೆ ಮತ್ತೆ ನಾಟಕ. ಮಗಳದು ಚಿಟ್ಟೆಯ ಪಾತ್ರ.

"ಅಪ್ಪ, ಈ ಸಲನೂ ಬರದಿದ್ರೆ ನಾನಿನ್ನು ನಾಟಕನೇ ಮಾಡಲ್ಲ," ಎಂದಳು ಬೆಳಿಗ್ಗೆ. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಬರ್ತೀನಮ್ಮ. ಆದ್ರೆ ಕೆಲಸದ ಕಡೆಯವರು ಬಿಡಬೇಕಲ್ಲ."

"ನನ್ನ ಪಾತ್ರದ ತರ ಮಾಡು. ಕೆಂಪು ಮೈಯ ಕರಿ ಚಿಟ್ಟೆ ಇದೆಯಲ್ಲ, ಅದು ವಿಷದ ಬಳ್ಳಿ ತಿಂದು ಬೆಳೆದದ್ದು. ಹಕ್ಕಿ ಒಂದು ಸಲ ಬಾಯಿಗೆ ಹಾಕ್ಕೊಂಡ್ರೆ ಮತ್ತೆ ಅದರ ತಂಟೆಗೆ ಹೋಗಲ್ಲ. ನಾನು ನಿಂಬೆ ಎಲೆ ತಿಂದ ಪಾಪದ ಚಿಟ್ಟೆ. ಅದರ ಹಾಗೇ ಕಪ್ಪು, ಕೆಂಪು ರೆಕ್ಕೆ ಹಾಕ್ಕೊಂಡು ಬಚಾವಾಗ್ತೀನಿ. ನಿಮ್ಮಲ್ಲಿ ಎಲ್ಲರೂ ಯಾರಿಗೆ ಹೆದರ್ತಾರೆ?"

ಕೇಳಬೇಕೆ? ಮೇಲ್ವಿಚಾರಕರಿಗೆ. ಬೆವರು ಕಿತ್ತು ಬರುವ ಆ ಗಾಜಿನ ಮನೆಯಲ್ಲೂ ಅವರದು ಕಪ್ಪು ಕೋಟು, ಕೆಂಪು ಮಫ್ಲರ್. ಮಾತಿಲ್ಲ, ಒಂದು ಕೆಮ್ಮು. ಅದಕ್ಕೇ ಎಲ್ಲರೂ ತಂತಮ್ಮ ಜಾಗಕ್ಕೆ ಓಡುತ್ತಿದ್ದರು.

ಭಾವನ ಮದುವೆಯ ಕಪ್ಪು ಕೋಟು ಹೊಟ್ಟೆಯ ಹತ್ತಿರ ಮುನಿಸಿಕೊಂಡರೂ ಹೇಗೋ ಏರಿತು. ಮಗಳ ರೆಕ್ಕೆಗೆ ತಂದು ಉಳಿದಿದ್ದ ಕೆಂಪು ಬಟ್ಟೆ ಕುತ್ತಿಗೆಗೆ ಬಂತು.

"ಹೂಂ ಅಂತಲೂ ಅನ್ಬೇಡಪ್ಪ. ಬರೀ ಕೆಮ್ಮು," ಎಂದು ಮಗಳು ಪಾಠ ಹೇಳಿ ಕಳಿಸಿದಳು.

ಗೇಟಿನ ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿ, ಮೀಸೆಯಡಿ ನಕ್ಕು ಒಳಗೆ ಬಿಟ್ಟ. ಒಳಗೆ ವೇಷ ಕೆಲಸ ಮಾಡಿತು. ಪೈಪು ಎಳೆದುಕೊಂಡು ಬಂದ ಮಾಲಿ ಅಕ್ಕ ಹಬೆಯಲ್ಲಿ ಕಪ್ಪು ಬೆನ್ನು ಕಂಡವಳೇ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದಳು. ಗೈಡ್ ಗಂಟಲು ಹಿಡಿದುಕೊಂಡು ಬಂದ. ಇವನು ಕೆಮ್ಮಿದ. ಗೈಡ್‌ನ ಗಂಟಲು ತಟ್ಟನೆ ವಾಸಿಯಾಗಿ, "ಬನ್ನಿ ಮಕ್ಕಳೇ" ಎಂಬ ಕೂಗು ಉದ್ಯಾನದ ಆ ತುದಿಯಿಂದ ಕೇಳಿಸಿತು.

ಮಧ್ಯಾಹ್ನದ ಮೇಲಂತೂ ಕೋಶಗಳ ಕೋಣೆಗೆ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಆಗಲಿಬಿಡಿ ಎಷ್ಟೋ ಕಾಲದ ಮೇಲೆ ಕೂತು ಊಟ ಮಾಡಿದ. ಇದು ಗೊತ್ತಿದ್ದರೆ ಕೆಲಸಕ್ಕೆ ಸೇರಿದ ದಿನವೇ ಮಫ್ಲರ್ ಸುತ್ತಿಕೊಳ್ಳುತ್ತಿದ್ದೆ ಎಂದುಕೊಂಡ.

ಹೊರಡುವ ಹೊತ್ತಿಗೆ ನಿಂಬೆ ಕುಂಡಗಳ ಹಿಂದಿನಿಂದ ಕೆಮ್ಮು ಕೇಳಿಸಿತು. ನಿಜವಾದ ಕೆಮ್ಮು.

ಮೇಲ್ವಿಚಾರಕರು ನಿಂತಿದ್ದರು. ಹೆಗಲಲ್ಲಿ ಪೈಪು, ಬೆರಳಲ್ಲಿ ಕೌಂಟರಿನ ಬೀಗದ ಕೈ, ಕುತ್ತಿಗೆಯಲ್ಲಿ ಯಾವುದೋ ಮಗುವಿನ ನೀರಿನ ಬಾಟಲಿ.

"ಇದೇನಯ್ಯ ವೇಷ?"

ಅವನು ತಡವರಿಸುತ್ತ ನಾಟಕ, ಮಗಳು, ವಿಷದ ಬಳ್ಳಿ ಎಲ್ಲವನ್ನೂ ಒಪ್ಪಿಸಿದ. ಇವತ್ತಿಗೆ ಕೆಲಸ ಹೋಯಿತು ಎಂದೇ ಎಣಿಸಿದ್ದ. ಮೇಲ್ವಿಚಾರಕರು ಬೋರಲು ಬಿದ್ದ ಕುಂಡದ ಮೇಲೆ ಕುಸಿದು ಕೂತು ಕೋಟಿನ ಗುಂಡಿ ಬಿಚ್ಚಿದರು. ಒಳಗೆ ಬೆವರಲ್ಲಿ ತೊಯ್ದ ತೂತು ಬನಿಯನ್ನು.

"ನಾನೂ ನಿಂಬೆ ಎಲೆ ತಿಂದವನೇ ಕಣಯ್ಯ. ಇಲ್ಲ ಅನ್ನೋಕೆ ನಂಗೂ ಬಾಯಿ ಬರಲ್ಲ. ನನಗಿಂತ ಮುಂಚೆ ಇದ್ದ ಸಾಹೇಬರು ನಿಜವಾಗ್ಲೂ ಕಹಿ. ಅವರು ಬಿಟ್ಟುಹೋದ ಕೋಟು ಇದು. ಇಷ್ಟು ವರ್ಷ ಇದರೊಳಗೆ ಬೇಯ್ತಾ ಬಚಾವಾಗಿದ್ದೆ."

"ಮತ್ತೆ ಈ ಪೈಪು, ಬೀಗದ ಕೈ?"

"ಎಲ್ಲ ನಿನ್ನ ಕೃಪೆ. ಆಗಲಿಬಿಡಿ ಸಾಹೇಬರ ವೇಷ ಹಾಕಿದಾನೆ ಅಂತ ಕಾವಲುಗಾರ ಊಟದ ಹೊತ್ತಲ್ಲಿ ಎಲ್ಲರಿಗೂ ಹೇಳ್ಬಿಟ್ಟ. ನೀನು ಕೋಣೇಲಿ ಆರಾಮಾಗಿದ್ದೆ. ಕಪ್ಪು ಕೋಟು ಹುಡುಕಿದವರ ಕೈಗೆ ಸಿಕ್ಕಿದ್ದು ನಾನು. ಮಾಲಿ ಅಕ್ಕ ಹಿಂದಿನಿಂದ ಬಂದು ಹಿಡ್ಕೊಳ್ಳಣ್ಣ ಅಂತ ಪೈಪ್ ತುರುಕಿದಳು. ನಾನು ಕೆಮ್ಮಿದೆ. 'ಚೆನ್ನಾಗಿ ಕೆಮ್ತೀಯ, ಥೇಟ್ ಆ ಮುದುಕನ ತರಾನೇ' ಅಂದಳು."

"ಅದಕ್ಕೆ ನೀವೇನಂದ್ರಿ ಸಾರ್?"

ಮೇಲ್ವಿಚಾರಕರು ತಲೆ ತಗ್ಗಿಸಿದರು. "ಆಗಲಿ ಬಿಡಿ ಅಂದೆ. ಗಿಡಕ್ಕೆಲ್ಲ ನೀರೂ ಹಾಕ್ದೆ." ಆಮೇಲೆ ನಿಟ್ಟುಸಿರುಬಿಟ್ಟರು. "ನಕಲಿ ಚಿಟ್ಟೆ ಅಲ್ಲೊಂದು ಇಲ್ಲೊಂದು ಇದ್ರೆ ಹಕ್ಕಿ ನಂಬುತ್ತೆ. ಜಾಸ್ತಿಯಾದ್ರೆ ಧೈರ್ಯವಾಗಿ ರುಚಿ ನೋಡುತ್ತೆ. ನಾಳೆಯಿಂದ ನಮ್ಮಿಬ್ಬರನ್ನೂ ಬಿಡಲ್ಲ ಬಿಡು."

ಗಡಿಯಾರ ಐದು ದಾಟಿತ್ತು. ಆಗಲಿಬಿಡಿ ಜೀವನದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಏನೋ ಕೇಳಿದ. "ಸಾರ್, ನಿಮ್ಮ ಸ್ಕೂಟರ್‌ನಲ್ಲಿ ನನ್ನನ್ನ ಶಾಲೆಗೆ ಬಿಡ್ತೀರಾ?"

ಅವರಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲವಲ್ಲ.

ಕೊನೆಯ ದೃಶ್ಯಕ್ಕೆ ಸರಿಯಾಗಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಹಕ್ಕಿ ಕೊಕ್ಕು ತೆರೆದು ಮಗಳ ಹತ್ತಿರ ಬಂದು, ಕೆಂಪು ಕಂಡು ಹಿಂದೆ ಸರಿಯಿತು. ಅಷ್ಟರಲ್ಲಿ ಮಗಳಿಗೆ ಅಪ್ಪ ಕಾಣಿಸಿದ. ತಾನು ವಿಷವೆಂಬುದನ್ನು ಮರೆತು ಮುಖವಿಡೀ ನಕ್ಕಳು. ಅವನಿಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಮೇಲ್ವಿಚಾರಕರೂ ಮಫ್ಲರಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಜನ ಕರಗಿದ ಮೇಲೆ ಮುಖ್ಯೋಪಾಧ್ಯಾಯಿನಿ ನೇರ ಇವರಿಬ್ಬರ ಕಡೆಗೇ ಬಂದರು.

"ಕೋಟು ಹಾಕಿದೋರು, ಜವಾಬ್ದಾರಿ ಇರೋರ ತರ ಕಾಣ್ತೀರಿ. ಈ ಕುರ್ಚಿಗಳನ್ನೆಲ್ಲ ಒಳಗಿಟ್ಟು ಬೀಗ ಹಾಕ್ತೀರಾ?"

ವೇದಿಕೆಯ ಮೇಲಿಂದ ಮಗಳು ಗಂಟಲು ಮುಟ್ಟಿ ಮುಟ್ಟಿ ಸನ್ನೆ ಮಾಡಿದಳು. ಕೆಮ್ಮು, ಅಪ್ಪ, ಕೆಮ್ಮು.

ಇಬ್ಬರೂ ಗಂಟಲು ಸರಿಮಾಡಿಕೊಂಡರು. ಒಟ್ಟಿಗೇ ಹೇಳಿದರು: "ಆಗಲಿ ಬಿಡಿ."