ಪ್ರವೇಶ ಉಚಿತ, ಅತ್ತೆ ಖಚಿತ

ಮದ್ರಾಸಿನ ಬೇಸಿಗೆಯನ್ನು ಕಾದು ಕುಳಿತು ಸ್ವಾಗತಿಸುವವರು ಇಬ್ಬರೇ. ಒಬ್ಬ ಮಾವಿನಹಣ್ಣಿನ ವ್ಯಾಪಾರಿ, ಇನ್ನೊಬ್ಬಳು ನಮ್ಮತ್ತೆ! ವ್ಯಾಪಾರಿಗಾದರೂ ಅದು ಹೊಟ್ಟೆಪಾಡು. ನಮ್ಮತ್ತೆಗೆ ಏನು ಬಂದಿದೆ ಹೇಳಿ? ಇಲ್ಲಿ ಕತ್ತರಿ ಎನ್ನುವ ಸುಡುಬಿಸಿಲಿನ ದಿನಗಳು ಶುರುವಾದವೆಂದರೆ ಬೀದಿನಾಯಿಗಳೂ ಕಾರಿನಡಿಯಿಂದ ಹೊರಗೆ ಬರುವುದಿಲ್ಲ. ಆಗ ಅರವತ್ತೇಳರ ಈ ಹೆಂಗಸು ನೂಲಿನ ಸೀರೆಯುಟ್ಟು, ಕೊಡೆ ಬಿಚ್ಚಿಕೊಂಡು, ಊರಿನಲ್ಲಿ ಎಲ್ಲೆಲ್ಲಿ ಪುಕ್ಕಟೆಯಾಗಿ ಏನೇನು ನಡೆಯುತ್ತಿದೆಯೋ ಅಲ್ಲಿಗೆಲ್ಲ ಹೊರಟುಬಿಡುತ್ತಾಳೆ. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳಾದ್ದರಿಂದ ಏಕವಚನಕ್ಕೆ ತಕರಾರಿಲ್ಲ.

ಅವಳೇನು ಜಿಪುಣಿಯಲ್ಲ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ಪೆನ್ಷನ್ ಪಡೆಯುತ್ತಿರುವವಳು. ಮದುವೆ ಮಾಡಿಕೊಳ್ಳಲಿಲ್ಲ. ತಿರುವಲ್ಲಿಕೇಣಿಯ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಟಿಕೆಟ್ ಇರುವ ಕಡೆ ಯಾಕೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ದುಡ್ಡು ಕೊಟ್ಟು ನೋಡಿದ್ರೆ ಚೆನ್ನಾಗಿತ್ತು ಅಂತ ನಮ್ಮ ಮನಸ್ಸಿಗೆ ನಾವೇ ಸಮಾಧಾನ ಹೇಳ್ಕೋಬೇಕು ಕಣೋ. ಫ್ರೀ ಅಂದ್ರೆ ನೋಡು, ಇಷ್ಟ ಬಂದ ಹಾಗೆ ಬೈಬಹುದು!"

ಬೈಯುವುದಕ್ಕೂ ಅವಳಲ್ಲೊಂದು ಶಿಸ್ತಿದೆ. ಬೆಳಿಗ್ಗೆ ಕಾಫಿಗಿಂತ ಮೊದಲು ಪೇಪರಿನಲ್ಲಿ 'ಇಂದಿನ ಕಾರ್ಯಕ್ರಮಗಳು' ನೋಡುತ್ತಾಳೆ. ದೇವಸ್ಥಾನದ ಗೋಡೆ, ಲೈಬ್ರರಿಯ ಬೋರ್ಡು, ಮಾವಿನಹಣ್ಣಿನ ಅಂಗಡಿಯ ಪಕ್ಕದ ಲೈಟುಕಂಬ ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಪರಿಶೀಲನೆ. ಏಸಿ ಇದೆಯೇ? ಕುರ್ಚಿಗೆ ಬೆನ್ನು ಇದೆಯೇ? ಮುಗಿದ ಮೇಲೆ ಸುಂಡಲ್, ಅಂದರೆ ಕಡಲೆ ಉಸಲಿ, ಕೊಡುತ್ತಾರೆಯೇ? ಮೂರಕ್ಕೆ ಎರಡಾದರೂ ಇದ್ದರೆ ವಿಷಯ ಏನಾದರೂ ಆಗಲಿ, ಅತ್ತೆ ಮುಂದಿನ ಸಾಲಿನಲ್ಲಿ ಹಾಜರು. ಹಾವು ಕಚ್ಚಿದಾಗ ಏನು ಮಾಡಬೇಕು ಎಂಬ ಪ್ರಾತ್ಯಕ್ಷಿಕೆ, ಚಂದ್ರನ ಮಣ್ಣಿನ ಬಗ್ಗೆ ಉಪನ್ಯಾಸ, ತಾಳೆಗರಿಯ ಪ್ರದರ್ಶನ, ಮಂಡಿನೋವಿನ ಶಿಬಿರ. ಅವಳ ಮಂಡಿ ಗಟ್ಟಿಮುಟ್ಟಾಗಿದೆ ಎಂದು ಆ ಡಾಕ್ಟರೇ ಹೇಳಿ ಕಳಿಸಿದರು. ಅವಳಿಗೆ ಸ್ವಲ್ಪ ನಿರಾಸೆಯಾಯಿತಂತೆ.

ಬೇಸಿಗೆಯಲ್ಲಿ ಬೀದಿಬೀದಿಗೂ ಚಪ್ಪರ ಹಾಕಿ ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವುದು ಇಲ್ಲಿನ ಪದ್ಧತಿ. ಜನ ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಾರೆ. ಅತ್ತೆ ಕುಡಿದು, ಕಣ್ಣುಮುಚ್ಚಿ ನಿಂತು, "ಇಂಗು ಎಲ್ಲಪ್ಪಾ?" ಎಂದು ಕೇಳುತ್ತಾಳೆ. ಅವಳ ಬೀದಿಯ ಮೂಲೆಯ ಚಪ್ಪರದವರು ಎರಡು ದಿನ ಸಹಿಸಿಕೊಂಡರು. ಮೂರನೆಯ ದಿನ ಅತ್ತೆ ಮನೆಯಿಂದಲೇ ಇಂಗು, ಶುಂಠಿ, ಕರಿಬೇವು ತಂದಳು. ನಾಲ್ಕನೆಯ ದಿನ ಸೌಟು ಅವಳ ಕೈಯಲ್ಲಿತ್ತು! ಐದನೆಯ ದಿನ ನಾನು ಆ ಕಡೆ ಹೋದಾಗ, "ಸಾಲಾಗಿ ಬಾರೋ, ನೆಂಟ ಅಂತ ಮುಂದೆ ಬರಬೇಡ" ಎಂದು ನನ್ನನ್ನು ಹಿಂದಕ್ಕೆ ಕಳಿಸಿದಳು.

ಇಷ್ಟೆಲ್ಲ ಓಡಾಟವನ್ನು ನಾವು ವರ್ಷಗಳಿಂದ ನೋಡಿ ನಗುತ್ತಿದ್ದೆವು. ಈ ಬೇಸಿಗೆಯಲ್ಲಿ ಮಾತ್ರ ಅವಳ ಓಡಾಟಕ್ಕೆ ಒಂದು ಗುರಿ ಸೇರಿಕೊಂಡಿತು. ಆ ಗುರಿ ನನ್ನ ಅಮ್ಮ.

ಅಪ್ಪ ಹೋಗಿ ಎರಡು ವರ್ಷವಾಗುತ್ತ ಬಂತು. ಮೊದಲ ವರ್ಷ ನಮ್ಮಲ್ಲಿ ಯಾರೂ ಸಮಾರಂಭಗಳಿಗೆ ಹೋಗುವುದಿಲ್ಲ. ಅಮ್ಮನೂ ಹೋಗಲಿಲ್ಲ. ವರ್ಷಾಬ್ದಿಕ ಮುಗಿಯಿತು. ನಾವೆಲ್ಲ ನಿಧಾನವಾಗಿ ಮದುವೆ, ಮುಂಜಿ, ಹೋಟೆಲು ಎಂದು ಓಡಾಡತೊಡಗಿದೆವು. ಅಮ್ಮ ಮಾತ್ರ ಅಡ್ಯಾರಿನ ನಮ್ಮ ಮನೆಯ ಹೊಸಿಲು ದಾಟಲಿಲ್ಲ. ಹಿಂದೆ ಒಂದು ಬ್ಲೌಸ್ ಬಟ್ಟೆಗಾಗಿ ಸೌಕಾರ್‌ಪೇಟೆಯ ಗಲ್ಲಿಗಲ್ಲಿ ಸುತ್ತಿ, ಅಪ್ಪನ ಚಪ್ಪಲಿ ಸವೆಸುತ್ತಿದ್ದವಳು ಅವಳೇ. ಈಗ ಕರೆದರೆ, "ನಾನು ಬಂದ್ರೆ ರಾತ್ರಿ ಅಡಿಗೆ ಯಾರು ಮಾಡ್ತಾರೆ?" ಎನ್ನುತ್ತಿದ್ದಳು. ನನ್ನ ಹೆಂಡತಿ ತಾನು ಮಾಡುವುದಾಗಿ ಹೇಳಿದರೆ ಆ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಗಟ್ಟಿಯಾಗಿ ಮಾತಾಡುವುದನ್ನೂ ಬಿಟ್ಟಿದ್ದಳು. ನಮಗೆ ಹೆದರಿಕೆಯಾಗುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

"ಕತ್ತರಿ ಮುಗಿಯೋದ್ರೊಳಗೆ ಅತ್ತಿಗೇನ ಹೊರಗೆ ಕರ್ಕೊಂಡು ಹೋಗಲಿಲ್ಲ ಅಂದ್ರೆ ಕೇಳು!" ಎಂದು ಅತ್ತೆ ನನ್ನ ಮುಂದೆ ಪಣ ತೊಟ್ಟಳು. ಅಲ್ಲಿಂದ ಪ್ರತಿ ಸಂಜೆ, ಎಲ್ಲೇ ಹೋಗಿದ್ದರೂ, ನೇರವಾಗಿ ನಮ್ಮ ಮನೆಗೆ ಬಂದು ಅಮ್ಮನ ಮುಂದೆ ವರದಿ ಒಪ್ಪಿಸುವುದು ಶುರುವಾಯಿತು.

ಮೊದಲ ವರದಿ ಎಗ್ಮೋರಿನದು. ಅಲ್ಲಿ ಮ್ಯೂಸಿಯಂ ಹತ್ತಿರದ ಒಂದು ಹಾಲಿನಲ್ಲಿ ಬೇಸಿಗೆ ರಜೆಯ ಚಿತ್ರಕಲಾ ತರಗತಿ, ಮಕ್ಕಳಿಗೆ ಉಚಿತ. ಅತ್ತೆ ನನ್ನ ಎಂಟು ವರ್ಷದ ಮಗಳನ್ನು ಸೇರಿಸಲು ಹೋದವಳು ತಾನೂ ಚಾಪೆಯ ಮೇಲೆ ಕುಳಿತಳು. ಟೀಚರಮ್ಮ ಬಂದು, ಇದು ಆರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಎಂದು ನಯವಾಗಿ ಹೇಳಿದರಂತೆ.

"ನಾನು ಆರು ದಾಟಿಲ್ವಾ?" ಎಂದಳಂತೆ ಅತ್ತೆ.

ಹತ್ತು ದಿನ ತಪ್ಪದೆ ಹೋದಳು. ಕೊನೆಯ ದಿನ ಆನೆ ಬರೆಯಬೇಕಿತ್ತು. ಅತ್ತೆಯ ಆನೆ ಥೇಟ್ ನಮ್ಮನೆಯ ಇಡ್ಲಿ ಹಿಟ್ಟಿನ ಗ್ರೈಂಡರಿನಂತಿತ್ತು. ಆದರೂ ಸರ್ಟಿಫಿಕೇಟು ಕೊಟ್ಟರು. ಅದರಲ್ಲಿ ತರಗತಿ ಎಂದಿದ್ದ ಕಡೆ 'ರಿಟೈರ್ಡ್' ಎಂದು ಬರೆಸಿಕೊಂಡು ಬಂದಿದ್ದಾಳೆ ಪುಣ್ಯಾತ್ಗಿತ್ತಿ! ಅಮ್ಮ ಆನೆಯನ್ನು ಒಂದು ನಿಮಿಷ ನೋಡಿದಳು. "ಸೊಂಡಿಲು ಎಲ್ಲಿದೆ?" ಎಂದು ಕೇಳಿ ಒಳಗೆ ಹೋದಳು.

"ಕೇಳಿದ್ಯಾ? ಅತ್ತಿಗೆ ಪ್ರಶ್ನೆ ಕೇಳಿದ್ರು!" ಎಂದು ಅತ್ತೆ ನನ್ನ ತೋಳು ಚಿವುಟಿದಳು.

ಎರಡನೆಯದು ಇನ್ನೂ ಸೊಗಸು. ನಮ್ಮ ಮನೆಯ ಹತ್ತಿರದ ಕಲ್ಯಾಣಮಂಟಪದ ಮುಂದೆ ಬಾಳೆಕಂಬ, ಒಳಗಿನಿಂದ ಕೊಳಲು, ಬಾಗಿಲಲ್ಲಿ 'ಎಲ್ಲರಿಗೂ ಸ್ವಾಗತ' ಎಂಬ ಬೋರ್ಡು. ಅತ್ತೆಗೆ ಇನ್ನೇನು ಬೇಕು? ಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು. ಏಸಿ ಇತ್ತು, ಕುರ್ಚಿಗೆ ಬೆನ್ನೂ ಇತ್ತು. ತಾಳ ಹಾಕಿದಳು, ತಲೆದೂಗಿದಳು. ಇಲ್ಲಿನ ಕಚೇರಿಗಳ ಸಂಪ್ರದಾಯದಂತೆ ಒಂದು ಚೀಟಿ ಬರೆದು ವಿದ್ವಾಂಸರಿಗೆ ಕಳಿಸಿದಳು: 'ಕಾನಡಾ ನುಡಿಸಿ, ಮೈಕು ಕಡಿಮೆ ಮಾಡಿ.' ಅದು ಮದುವೆಯ ರಿಸೆಪ್ಷನ್! ನೂರಾರು ಜನ ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತು, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದಾರೆ. ಅಷ್ಟು ಹೊತ್ತು ಗೋಡೆಗೆ ನುಡಿಸುತ್ತಿದ್ದ ವಿದ್ವಾಂಸರಿಗೆ ಈ ಚೀಟಿ ಕಂಡು ಜೀವ ಬಂದಂತಾಯಿತಂತೆ. ಮುಕ್ಕಾಲು ಗಂಟೆ ಕಾನಡಾ ರಾಗ ನುಡಿಸಿದರು, ಅದೂ ಅತ್ತೆಯ ಮುಖ ನೋಡಿಕೊಂಡೇ. ಕೊನೆಗೆ ಅನುಮಾನಪಟ್ಟ ಹಿರಿಯರೊಬ್ಬರು ಬಂದು, "ನೀಂಗ ಪೊಣ್ಣು ವೀಡಾ, ಮಾಪ್ಪಿಳ್ಳೈ ವೀಡಾ?" ಎಂದು ವಿಚಾರಿಸಿದರು. ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ ಎಂದು.

"ನಾನು ಕೊಳಲಿನ ಕಡೆ!" ಎಂದಳಂತೆ ಅತ್ತೆ, ತಮಿಳಿನಲ್ಲೇ.

ಅವರು ನಕ್ಕು, ಕೈಹಿಡಿದು ಊಟಕ್ಕೆ ಕೂರಿಸಿದರು. ಇದನ್ನು ಹೇಳುವಾಗ ಅತ್ತೆ ಎದ್ದು ನಿಂತು ಆ ಹಿರಿಯರ ನಡಿಗೆಯನ್ನೂ ಮಾಡಿ ತೋರಿಸಿದಳು. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮಣೆ ಪಕ್ಕಕ್ಕಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನು ಸುಮ್ಮನೆ ಬಾಲ್ಕನಿಗೆ ಹೋಗಿ ನಿಂತುಕೊಂಡೆ. ಅವಳು ನಕ್ಕು ಎಷ್ಟು ದಿನವಾಗಿತ್ತು!

ಆದರೂ ಹೊರಗೆ ಬಾ ಎಂದರೆ ಅದೇ ಮಾತು, ಅಡಿಗೆ ಯಾರು ಮಾಡ್ತಾರೆ.

ಅತ್ತೆ ಒಂದು ವಾರ ಯೋಚಿಸಿದಳು. ಆಮೇಲೆ ಪಂಚಾಂಗ ಹಿಡಿದುಕೊಂಡು ಬಂದಳು. "ಏಕಾದಶಿ ದಿನ ಒಲೆ ಹಚ್ಚಲ್ಲ. ಅಡಿಗೆ ಇಲ್ಲ, ನೆಪಾನೂ ಇಲ್ಲ! ಅವತ್ತು ಸಂಜೆ ಆರಕ್ಕೆ ಮೈಲಾಪುರದಲ್ಲಿ ವೀಣೆ ಕಚೇರಿ ಇದೆ ಅತ್ತಿಗೆ. ಗೋಡೇಲಿ ನೋಟೀಸ್ ಅಂಟಿಸಿದ್ದಾರೆ, ಏಕಾದಶಿ ಸಂಜೆ ಅಂತ. ನೀವು ವೀಣೆ ಅಂದ್ರೆ ಪ್ರಾಣ ಬಿಡ್ತಿದ್ರಿ. ಏನು ಹೇಳ್ತೀರಿ ಈಗ?"

ಅಮ್ಮ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. "ಸರಿ, ಬರ್ತೀನಿ" ಎಂದಳು.

ಮುಂದಿನ ನಾಲ್ಕು ದಿನ ಅತ್ತೆ ನಮಗೆ ನಿದ್ದೆ ಕೊಡಲಿಲ್ಲ. ಎಂದೂ ಯಾವುದಕ್ಕೂ ಹೆದರದವಳು ಈಗ ಹೊಸ ಕೆಲಸಕ್ಕೆ ಸೇರುವವಳಂತೆ ಗಾಬರಿಯಾಗಿದ್ದಳು. ಕಚೇರಿಯ ಹಾಲಿನ ಹೊರಗೆ ನಿಂತು ಮೆಟ್ಟಿಲುಗಳನ್ನು ಎಣಿಸಿ ಬಂದಳು. ಅಮ್ಮನಿಗೆ ಎಲ್ಲಿ ನೆರಳು, ಎಲ್ಲಿ ಫ್ಯಾನು ಎಂದು ನನಗೆ ಫೋನಿನ ಮೇಲೆ ಫೋನು. ಏಕಾದಶಿ ಬಂತು. ಅತ್ತೆಯದು ನೀರೂ ಮುಟ್ಟದ ಉಪವಾಸ. ಅಮ್ಮ ಡಾಕ್ಟರ ಮಾತಿಗೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ತೆಗೆದುಕೊಂಡಳು. ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಿಗೆ ಬಂದಾಗ ನನ್ನ ಮಗಳು, "ಅಜ್ಜಿ, ಸೂಪ್ಪರಾ ಇರುಕ್ಕೆ!" ಎಂದು ಕೂಗಿದಳು. ಚಪ್ಪಲಿ ಬಿಗಿಯಾಗಿದೆ ಎಂದು ಅಮ್ಮ ಗೊಣಗಿದಳು. ಎರಡು ವರ್ಷ ಗೂಡಿನಲ್ಲಿದ್ದ ಚಪ್ಪಲಿ ಇನ್ನೇನು ಮಾಡುತ್ತದೆ! ಕೊಡೆ ಹಿಡಿಯಲು ನಾನೂ ಹೊರಟೆ.

ಹಾಲಿಗೆ ಬೀಗ ಹಾಕಿತ್ತು.

ಗೇಟಿನ ಪಕ್ಕ ಕುಳಿತಿದ್ದ ವಾಚ್‌ಮನ್, "ನೇತ್ತೇ ಮುಡಿಂಜು ಪೋಚ್ಚೇ ಅಮ್ಮಾ" ಎಂದ. ನಿನ್ನೆಯೇ ಮುಗಿದುಹೋಗಿದೆ.

"ನಿನ್ನೆಯಾ? ನಿನ್ನೆ ದಶಮಿ! ಏಕಾದಶಿ ಇವತ್ತು!"

"ಎಲ್ಲರಿಗೂ ನಿನ್ನೆಯೇ ಏಕಾದಶಿ ಅಮ್ಮಾ. ನಾನೂ ಉಪವಾಸ ಇದ್ದೆ" ಎಂದ ಅವನು ತಮಿಳಿನಲ್ಲಿ, ಪಾಪ, ಬಹಳ ಮರ್ಯಾದೆಯಿಂದ.

ಆಗ ಅತ್ತೆಗೆ ಹೊಳೆಯಿತು. ಅರುಣೋದಯದ ಹೊತ್ತಿಗೆ ದಶಮಿಯ ಸೋಂಕು ಇದ್ದರೆ ನಾವು ಮಾಧ್ವರು ಏಕಾದಶಿಯನ್ನು ಮರುದಿನಕ್ಕೆ ಹಾಕಿಕೊಳ್ಳುತ್ತೇವೆ, ಉಳಿದವರು ಹಿಂದಿನ ದಿನವೇ ಮಾಡಿ ಮುಗಿಸಿರುತ್ತಾರೆ. ಹುಟ್ಟಿದಾಗಿನಿಂದ ಅವಳಿಗೆ ಗೊತ್ತಿದ್ದ ವಿಷಯ. ಗಾಬರಿಯಲ್ಲಿ ನಮ್ಮ ಮಠದ ಪಂಚಾಂಗ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆದರೂ ಸೋಲೊಪ್ಪದೆ ಐದು ನಿಮಿಷ ವಾಚ್‌ಮನ್‌ಗೆ ಅರುಣೋದಯದ ಲೆಕ್ಕ ವಿವರಿಸಿದಳು. ಅವನು ಎದ್ದು ನಿಂತು ಕೇಳಿದ. ವಿವರಿಸಿ ಮುಗಿಸಿದವಳೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ನಂದೇ ತಪ್ಪು ಅತ್ತಿಗೆ. ಇಷ್ಟು ದಿನ ಆದ್ಮೇಲೆ ಹೊರಗೆ ಬಂದ್ರಿ, ಬೀಗ ತೋರಿಸಿದೆ. ಇನ್ನು ನೀವು ಬರಲ್ಲ. ನನಗೆ ಗೊತ್ತು."

ಅತ್ತೆ ಅಳುವುದನ್ನು ನಾನು ನೋಡಿದ್ದು ಎರಡೇ ಸಲ. ಅಪ್ಪ ಹೋದಾಗ ಒಂದು, ಇದು ಇನ್ನೊಂದು. ಆಟೋ ಕರೆಯಲು ಫೋನು ತೆಗೆದೆ. ಅಮ್ಮ ನನ್ನ ಕೈ ತಡೆದು ರಸ್ತೆಯ ಕಡೆ ನೋಡಿದಳು. ಮುಂಭಾಗಕ್ಕೆ ಪಿಂಕ್ ಬಣ್ಣ ಬಳಿದ ಬಸ್ಸೊಂದು ಸ್ಟಾಪಿಗೆ ಬರುತ್ತಿತ್ತು.

"ಇದ್ರಲ್ಲಿ ಹೆಂಗಸರಿಗೆ ದುಡ್ಡಿಲ್ಲ ತಾನೇ?"

"ಇಲ್ಲಮ್ಮ. ಆದ್ರೆ ಅದು ನಮ್ಮನೆ ಕಡೆ ಹೋಗಲ್ಲ, ಆ ಕಡೆ ಬೀಚ್ ರಸ್ತೆ ಮೇಲೆ..."

"ಹೋಗ್ಲಿ ಬಿಡು" ಎಂದಳು ಅಮ್ಮ. ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. "ಏಳೇ, ಸೀಕ್ರಂ. ಬಸ್ಸು ಹೋಗಿಬಿಡತ್ತೆ."

ಅವರಿಬ್ಬರಿಗೂ ಸೀಟು ಸಿಕ್ಕಿತು, ಅಮ್ಮನಿಗೆ ಕಿಟಕಿ. ನಾನು ಪಕ್ಕದಲ್ಲೇ ಕಂಬಿ ಹಿಡಿದು ನಿಂತೆ. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು. ಬೀಚಿಗೆ ಹೊರಟ ಜನವೋ ಜನ, ಮಕ್ಕಳು, ಬಲೂನುಗಳು. ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಉಪವಾಸಕ್ಕೋ, ನಾಲ್ಕು ದಿನದ ಗಾಬರಿ ಇಳಿದದ್ದಕ್ಕೋ, ಅತ್ತೆಗೆ ಎರಡೇ ಸ್ಟಾಪಿನಲ್ಲಿ ನಿದ್ದೆ ಹತ್ತಿತು. ತಲೆ ಜಾರಿ ಅಮ್ಮನ ಭುಜಕ್ಕೆ ಒರಗಿತು.

"ವೀಣೆ ತಪ್ಪಿಹೋಯ್ತಲ್ಲಮ್ಮ" ಎಂದೆ.

"ನಾನೆಲ್ಲಿ ವೀಣೆಗೆ ಬಂದೆ?" ಎಂದಳು ಅಮ್ಮ, ಅತ್ತೆಗೆ ಎಚ್ಚರವಾಗದಂತೆ ಮೆಲ್ಲಗೆ. "ನಿಮ್ಮಪ್ಪ ಹೋದಾಗ ನನ್ನ ಸುತ್ತ ನೀವೆಲ್ಲ ಇದ್ರಿ. ಇವಳಿಗೆ ಇದ್ದಿದ್ದು ಒಬ್ಬ ಅಣ್ಣ. ದಿನಾ ಬಂದು ನನ್ನ ನಗಿಸ್ತಾಳೆ, ಆಮೇಲೆ ಆ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಯಾರ ಹತ್ರ ಮಾತಾಡ್ತಾಳೆ ಹೇಳು? ಆ ಮದುವೆಮನೆ ಕಥೆ ಹೇಳಿದಳಲ್ಲ, ಅವತ್ತು ನಕ್ಕೆ ನಿಜ. ರಾತ್ರಿ ಮಲಗಿದ ಮೇಲೆ ಅನ್ನಿಸ್ತು, ಅಷ್ಟು ಜನದ ಮಧ್ಯೆ ಇವಳು ಒಬ್ಬಳೇ ಕೂತಿದ್ದಳಲ್ಲ ಅಂತ. ಪಕ್ಕದಲ್ಲಿ ಒಬ್ಬರಾದ್ರೂ ಇರಬೇಡ್ವಾ ಕಣೋ?"

ಇಷ್ಟು ವರ್ಷ ಅತ್ತೆಯ ಕಥೆಗಳನ್ನು ಆಫೀಸಿನಲ್ಲಿ ಹೇಳಿ ಜನರನ್ನು ನಗಿಸಿದವನು ನಾನು. ಅವಳ ಪಕ್ಕದ ಕುರ್ಚಿಯಲ್ಲಿ ಯಾರಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೊಸಿಲು ದಾಟದೆ ಕುಳಿತಿದ್ದ ಅಮ್ಮ ಯೋಚಿಸಿದ್ದಳು.

ಕೊನೆಯ ಸ್ಟಾಪು ಬಂತು. ಜನ ಇಳಿದರು. ಕಂಡಕ್ಟರ್ ಬಂದು ಇಳಿಯಿರಿ ಎಂದ. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿದಳು. ಇದೇ ಬಸ್ಸು ವಾಪಸು ಹೋಗುತ್ತದೆಯೇ ಎಂದು ಅವನನ್ನು ತಮಿಳಿನಲ್ಲಿ ಕೇಳಿದಳು. ಹತ್ತು ನಿಮಿಷಕ್ಕೆ ಹೊರಡುತ್ತದೆ ಎಂದ.

"ಹಾಗಾದ್ರೆ ನಾವು ಇಳಿಯಲ್ಲಪ್ಪ. ಇವಳು ಇನ್ನೊಂದು ಸ್ವಲ್ಪ ಹೊತ್ತು ಮಲಗಲಿ" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಎದ್ದ ಮೇಲೆ ಕೇಳೋಣ, ನಾಳೆ ಎಲ್ಲಿಗೆ ಅಂತ."

ಕಂಡಕ್ಟರ್ ನನ್ನ ಮುಂದೆ ಕೈಚಾಚಿದ. ಗಂಡಸಾದ ತಪ್ಪಿಗೆ ನಾನೊಬ್ಬನೇ ಇನ್ನೊಂದು ಟಿಕೆಟ್ ತೆಗೆದುಕೊಂಡೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಯಾರಿಗೂ ದುಡ್ಡು ಕೊಟ್ಟಿದ್ದಿಲ್ಲ.